ಡೈವ್ ವಾಚು ಕೊಳ್ಳುವ ಮುಂಚೆ ಆಳದ ನಂಬರ್ ಪಕ್ಕಕ್ಕಿಡಿ

ಸಮುದ್ರದಲ್ಲಿ ಮುಳುಗುವವರಿಗಾಗಿ ಮಾಡಿದ ದುಬಾರಿ ಡೈವ್ ವಾಚು ತೆಗೆದುಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಮೊದಲು ಹೋಲಿಸುವುದು ಒಂದೇ ನಂಬರನ್ನು. ಇದು 200 ಮೀಟರ್, ಅದು 300 ಮೀಟರ್, ಇನ್ನೊಂದು 500 ಮೀಟರ್. ಜಾಸ್ತಿ ಆಳ ಅಂದರೆ ಜಾಸ್ತಿ ಒಳ್ಳೆಯದು ಅನ್ನುವ ಲೆಕ್ಕ. ಇದನ್ನೇ ಹಿಡಿದು ಹೊರಟರೆ ಕೈಗೆ ಹೊಂದದ ವಾಚಿಗೆ ಲಕ್ಷಗಟ್ಟಲೆ ಸುರಿದು ಬರುವುದು ಸುಲಭ. ಈ ದರ್ಜೆಯ ವಾಚುಗಳೆಲ್ಲ ನೀವು ಜೀವಮಾನದಲ್ಲಿ ಇಳಿಯುವ ಆಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಡೆಯುತ್ತವೆ. ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ದಪ್ಪ ಎಷ್ಟು, ಚೈನಿನ ಲಾಕು ಹೇಗಿದೆ, ಗಾಜಿನ ಸುತ್ತಲಿನ ಬಳೆ ಹೇಗೆ ತಿರುಗುತ್ತದೆ, ಒಳಗಿನ ಮಷೀನು ಎಂಥದು, ಕೊಂಡ ಮೇಲೆ ಸರ್ವಿಸ್ ಎಲ್ಲಿ ಸಿಗುತ್ತದೆ, ಇವುಗಳಲ್ಲಿ.

ಮಾತಾಡಲು ನಾಲ್ಕು ವಾಚು ಎದುರಿಗಿಟ್ಟುಕೊಳ್ಳೋಣ. ರೋಲೆಕ್ಸ್ ಸಬ್‌ಮರೀನರ್, ಒಮೆಗಾ ಸೀಮಾಸ್ಟರ್ ಡೈವರ್ 300ಎಂ, ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ-ಎಯ್ಟ್, ಬ್ಲಾಂಕ್‌ಪೇನ್ ಫಿಫ್ಟಿ ಫ್ಯಾದಮ್ಸ್. ಬೆಲೆ ಆಗಾಗ ಏರುತ್ತಲೇ ಇರುತ್ತದೆ, ಆದ್ದರಿಂದ ರೂಪಾಯಿ ಲೆಕ್ಕ ಬಿಟ್ಟು ಅನುಪಾತ ಹೇಳುತ್ತೇನೆ. ಟ್ಯೂಡರ್‌ಗೆ ಕೊಡುವ ದುಡ್ಡಿನ ಸುಮಾರು ಎರಡರಷ್ಟು ಸಬ್‌ಮರೀನರ್‌ಗೆ ಆಗುತ್ತದೆ. ಒಮೆಗಾ ಇವೆರಡರ ನಡುವೆ ಕೂರುತ್ತದೆ. ಬ್ಲಾಂಕ್‌ಪೇನ್ ಎಲ್ಲಕ್ಕಿಂತ ಮೇಲೆ.

ಈ ವಾಚು ಹುಟ್ಟಿದ್ದು ಯಾವ ಕೆಲಸಕ್ಕೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. 1950ರ ಹೊತ್ತಿಗೆ ಬ್ಲಾಂಕ್‌ಪೇನ್ ಕಂಪನಿ ನಡೆಸುತ್ತಿದ್ದ ಜಾನ್-ಜಾಕ್ ಫಿಶ್ಟರ್ ಸ್ವತಃ ಸಮುದ್ರಕ್ಕೆ ಇಳಿಯುವ ಹುಚ್ಚಿನವರು. ದಕ್ಷಿಣ ಫ್ರಾನ್ಸಿನ ತೀರದಲ್ಲಿ ಒಮ್ಮೆ ನೀರಿನೊಳಗೆ ಹೊತ್ತಿನ ಲೆಕ್ಕ ತಪ್ಪಿ ಉಸಿರಾಡುವ ಗಾಳಿಯೇ ಮುಗಿದುಹೋಗಿತ್ತು. ಅದೇ ಕಾಲಕ್ಕೆ ಫ್ರೆಂಚ್ ನೌಕಾಪಡೆಯ ಮುಳುಗು ಯೋಧರ ತಂಡ ಕಟ್ಟುತ್ತಿದ್ದ ಬಾಬ್ ಮಲೂಬಿಯೆ ಮತ್ತು ಕ್ಲೋಡ್ ರಿಫೊ ತಮ್ಮವರಿಗೆ ಒಂದು ವಾಚು ಹುಡುಕುತ್ತಿದ್ದರು. ಕಪ್ಪು ಡಯಲ್ ಇರಬೇಕು, ಗುರುತುಗಳು ದಪ್ಪಗೆ ಕಾಣಬೇಕು, ಕತ್ತಲಲ್ಲಿ ಹೊಳೆಯಬೇಕು, ಸುತ್ತ ತಿರುಗುವ ಬಳೆ ಇರಬೇಕು. 1953ರಲ್ಲಿ ಬಂದ ಫಿಫ್ಟಿ ಫ್ಯಾದಮ್ಸ್ ಈ ಬೇಡಿಕೆಗೆ ಸಿಕ್ಕ ಉತ್ತರ. 50 ಫ್ಯಾದಮ್ ಅಂದರೆ ಸುಮಾರು 91 ಮೀಟರ್. ಆಗ ಮನುಷ್ಯ ಗಾಳಿಯ ಸಿಲಿಂಡರ್ ಹೊತ್ತು ಇಳಿಯಬಹುದಾದ ಕೊನೆಯ ಮಿತಿ ಅಷ್ಟೇ ಅಂತ ನಂಬಿದ್ದರು. ಸಬ್‌ಮರೀನರ್ ಹುಟ್ಟಿದ್ದೂ 1953ರಲ್ಲೇ. ಮಾರನೆಯ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ವಾಚು ಮೇಳದಲ್ಲಿ ಜನರ ಮುಂದೆ ಬಂತು. ಇಂದಿಗೂ ಮಾರುಕಟ್ಟೆಯಲ್ಲಿರುವ ಡೈವ್ ವಾಚುಗಳಲ್ಲಿ ಹೆಚ್ಚಿನವು ಈ ಎರಡರ ಮುಖವನ್ನೇ ಹೊತ್ತು ತಿರುಗುತ್ತಿವೆ.

ಇನ್ನು ಬೆಜೆಲ್, ಅಂದರೆ ಗಾಜಿನ ಸುತ್ತ ಇರುವ ಆ ತಿರುಗುವ ಬಳೆ. ಡೈವ್ ವಾಚಿನ ಜೀವ ಇರುವುದೇ ಇದರಲ್ಲಿ. ನೀರಿಗೆ ಇಳಿಯುವ ಕ್ಷಣ ಬೆಜೆಲ್ ಮೇಲಿನ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತರಬೇಕು. ಆಮೇಲೆ ಯಾವಾಗ ನೋಡಿದರೂ ನಿಮಿಷದ ಮುಳ್ಳು ಬೆಜೆಲ್‌ನಲ್ಲಿ ಯಾವ ಅಂಕಿಯ ಮೇಲಿದೆಯೋ ಅಷ್ಟು ನಿಮಿಷ ಕಳೆದಿದೆ ಅಂತ ಅರ್ಥ. ಕೂಡುವುದು ಕಳೆಯುವುದು ಏನೂ ಇಲ್ಲ. ಆಳದಲ್ಲಿ ಮೈ ಮೇಲೆ ಒತ್ತಡ ಹೆಚ್ಚಿದಂತೆ ಉಸಿರಿನ ಸಾರಜನಕ ರಕ್ತಕ್ಕೂ ಮಾಂಸಕ್ಕೂ ಸೇರಿಕೊಳ್ಳುತ್ತದೆ. ಜಾಸ್ತಿ ಹೊತ್ತು ಇದ್ದು ಗಡಬಡಿಸಿ ಮೇಲೆ ಬಂದರೆ ಅದು ಗುಳ್ಳೆಗುಳ್ಳೆಯಾಗಿ ಜೀವಕ್ಕೇ ಅಪಾಯ ತರುತ್ತದೆ. ಎಷ್ಟು ಹೊತ್ತು ಕೆಳಗಿದ್ದೆವು ಅನ್ನುವುದು ಅದಕ್ಕೇ ಅಷ್ಟು ಮುಖ್ಯ.

ಬೆಜೆಲ್ ಒಂದೇ ಕಡೆಗೆ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ಮಾತ್ರ ತಿರುಗುವುದೂ ಇದೇ ಕಾರಣಕ್ಕೆ. ಬಂಡೆಗೆ ತಗುಲಿಯೋ ಹಗ್ಗಕ್ಕೆ ಉಜ್ಜಿಯೋ ಅದು ಜರುಗಿತು ಅಂದುಕೊಳ್ಳಿ. ಆಗ ತೋರುವುದು ನಿಜಕ್ಕಿಂತ ಜಾಸ್ತಿ ನಿಮಿಷ, ಕಡಿಮೆ ಅಲ್ಲ. ನೀವು ಬೇಗ ಮೇಲೆ ಬರುತ್ತೀರಿ, ಅಷ್ಟೇ. ತಪ್ಪಾದರೂ ಜೀವ ಉಳಿಸುವ ಕಡೆಗೇ ತಪ್ಪಾಗಲಿ ಅಂತ ಯೋಚಿಸಿ ಮಾಡಿದ ಈ ಸಣ್ಣ ಏರ್ಪಾಡು ನನಗೆ ಇಡೀ ವಾಚಿನಲ್ಲಿ ತುಂಬ ಇಷ್ಟವಾದ ಭಾಗ.

ಈಗ ಡೈವ್ ಮಾಡುವವರ ಕೈಯಲ್ಲಿ ಡೈವ್ ಕಂಪ್ಯೂಟರ್ ಇರುತ್ತದೆ. ಆಳ, ಸಮಯ, ಎಲ್ಲಿ ಎಷ್ಟು ನಿಲ್ಲಬೇಕು ಎಲ್ಲವನ್ನೂ ಅದೇ ಹೇಳುತ್ತದೆ. ವಾಚು ಈಗ ಹೆಚ್ಚೆಂದರೆ ಅದು ಕೈಕೊಟ್ಟಾಗಿನ ಆಸರೆ. ಹಾಗಂತ ಬೆಜೆಲ್ ದಂಡವಲ್ಲ. ಇಡ್ಲಿ ಬೇಯಲು ಇಟ್ಟ 12 ನಿಮಿಷ, ಪಾರ್ಕಿಂಗಿನ ಒಂದು ಗಂಟೆ, ಮಗುವಿನ ಓದಿನ ಹೊತ್ತು, ಎಲ್ಲಕ್ಕೂ ಒಂದು ಸಲ ತಿರುಗಿಸಿಟ್ಟರೆ ಸಾಕು, ಫೋನು ತೆಗೆಯುವ ಕೆಲಸವಿಲ್ಲ. ಆದ್ದರಿಂದ ಅಂಗಡಿಯಲ್ಲಿ ವಾಚು ಕೈಗೆ ಕೊಟ್ಟ ತಕ್ಷಣ ಬೆಜೆಲ್ ತಿರುಗಿಸಿ ನೋಡಿ. ಸಬ್‌ಮರೀನರ್‌ನದು ಒಂದು ಸುತ್ತಿಗೆ 120 ಕ್ಲಿಕ್, ಅರ್ಧರ್ಧ ನಿಮಿಷಕ್ಕೆ ಒಂದು. ಬ್ಲ್ಯಾಕ್ ಬೇಯದು 60. ಕ್ಲಿಕ್ ಎಷ್ಟಿವೆ ಅನ್ನುವುದಕ್ಕಿಂತ ಬಿಟ್ಟ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ, ಹಿಂದೆ ಮುಂದೆ ಅಲ್ಲಾಡುತ್ತದೆಯೇ, ತ್ರಿಕೋನ 12ರ ಗುರುತಿಗೆ ಸರಿಯಾಗಿ ಕೂರುತ್ತದೆಯೇ ನೋಡಬೇಕು. ಕೈ ಒದ್ದೆ ಮಾಡಿಕೊಂಡು ತಿರುಗಿಸಲು ಬಿಟ್ಟರೆ ಇನ್ನೂ ಒಳ್ಳೆಯದು. ಒಮೆಗಾದ ಬೆಜೆಲ್ ಅಂಚು ಅಲೆಅಲೆಯಾಗಿದೆ, ನೋಡಲು ಚೆಂದ, ಆದರೆ ಒದ್ದೆ ಕೈಗೆ ಜಾರುತ್ತದೆ ಅನ್ನುವ ದೂರು ಹಳೆಯದು. ಅದು ನಿಮಗೂ ತೊಂದರೆ ಅನಿಸುತ್ತದೆಯೇ ಅಂತ ನಿಮ್ಮ ಬೆರಳೇ ಹೇಳಬೇಕು.

200 ಮೀಟರ್ ಅಂದರೆ ನಿಜಕ್ಕೂ ಏನು

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುತ್ತದೆ. 200 ಮೀಟರ್ ವಾಚು ಅಂದರೆ 20 ವಾತಾವರಣದ ಒತ್ತಡ ತಡೆಯುವ ವಾಚು. ಹವ್ಯಾಸಕ್ಕೆ ಸ್ಕೂಬಾ ಕಲಿಯುವವರಿಗೆ ಮೊದಲ ಹಂತದ ಸರ್ಟಿಫಿಕೇಟಿನಲ್ಲಿ 18 ಮೀಟರ್, ಮುಂದಿನ ಹಂತದಲ್ಲಿ 30, ಎಲ್ಲ ಕಲಿತವರಿಗೂ 40 ಮೀಟರ್ ಕೊನೆಯ ಮಿತಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಮುಳುಗುವವರು ಇದರ ಹತ್ತಿರಕ್ಕೂ ಹೋಗುವುದಿಲ್ಲ. ಅಂದಮೇಲೆ 200ಕ್ಕೂ 500ಕ್ಕೂ ನಿಮ್ಮ ಮಟ್ಟಿಗೆ ವ್ಯತ್ಯಾಸ ಎಲ್ಲಿ ಬಂತು? ಆಳ ಹೆಚ್ಚಿದಷ್ಟೂ ಗಾಜು ದಪ್ಪ, ಹಿಂಬದಿ ದಪ್ಪ, ಮೈ ದಪ್ಪ. ಆ ಹೆಚ್ಚುವರಿ ದಪ್ಪ ದಿನಾ ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ.

ಬರೆದ ಆಳಕ್ಕಿಂತ ಮುಖ್ಯವಾದದ್ದು ಐಎಸ್‌ಒ 6425 ಅನ್ನುವ ಅಂತರರಾಷ್ಟ್ರೀಯ ಮಾನದಂಡ. ಡಯಲ್ ಮೇಲೆ ಸುಮ್ನೆ ‘ವಾಟರ್ ರೆಸಿಸ್ಟೆಂಟ್’ ಅಂತ ಹಾಕಿಕೊಂಡ ಮಾಮೂಲಿ ವಾಚುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಪರೀಕ್ಷೆ ಮಾಡಿದರೂ ನಡೆಯುತ್ತದೆ. ಡೈವರ್ಸ್ ವಾಚು ಅಂತ ಕರೆಸಿಕೊಳ್ಳಬೇಕಾದರೆ ಪ್ರತಿಯೊಂದು ವಾಚನ್ನೂ ಬರೆದ ಆಳಕ್ಕಿಂತ 25% ಜಾಸ್ತಿ ಒತ್ತಡದಲ್ಲಿ ಪರೀಕ್ಷಿಸಬೇಕು. 200 ಅಂತ ಬರೆದದ್ದು 250 ಮೀಟರಿನ ಒತ್ತಡ ದಾಟಿ ಬಂದಿರಬೇಕು. ಇದರ ಜೊತೆಗೆ ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು, ಉಪ್ಪುನೀರು, ಬಿಸಿ ತಣ್ಣನೆಯ ಬದಲಾವಣೆ, ಪೆಟ್ಟು, ಆಯಸ್ಕಾಂತ ಎಲ್ಲ ತಡೆಯಬೇಕು. ಎಲ್ಲ ಕಂಪನಿಗಳೂ ಈ ಹೆಸರು ಹೇಳಿ ಮಾರುವುದಿಲ್ಲ, ಕೆಲವು ತಮ್ಮದೇ ಪರೀಕ್ಷೆ ನಡೆಸುತ್ತವೆ. ರೋಲೆಕ್ಸ್ ಕೂಡ ತನ್ನ ಡೈವ್ ವಾಚುಗಳನ್ನು ಇದೇ 25% ಹೆಚ್ಚುವರಿ ಲೆಕ್ಕದಲ್ಲಿ ಒತ್ತಡಕ್ಕೆ ಒಡ್ಡುತ್ತದೆ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ಇಲ್ಲೊಂದು ತಪ್ಪು ನಂಬಿಕೆ ಬಹಳ ಓಡಾಡುತ್ತದೆ. ಈಜುವಾಗ ಕೈ ಬೀಸಿದರೆ ಒತ್ತಡ ವಿಪರೀತ ಏರುತ್ತದೆ, ಆದ್ದರಿಂದ 100 ಮೀಟರ್ ವಾಚು ಈಜಿಗೂ ಸಾಲದು ಅಂತ. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದಿರಿ ಅಂದುಕೊಳ್ಳಿ, ನೀರಿನಲ್ಲಿ ಅದು ಕಮ್ಮಿ ವೇಗವಲ್ಲ. ಆ ಚಲನೆಯಿಂದ ಹೆಚ್ಚುವ ಒತ್ತಡ ಒಂದೂಕಾಲು ಮೀಟರ್ ನೀರಿನ ಆಳಕ್ಕೆ ಸಮ, ಅಷ್ಟೇ. ವಾಚಿನೊಳಗೆ ನೀರು ಹೋಗುವುದು ಬೇರೆ ಕಾರಣಗಳಿಗೆ. ಕೀ ಕೊಡುವ ಗುಬ್ಬಿಯನ್ನು ಸ್ಕ್ರೂ ಮಾಡಿ ಪೂರ್ತಿ ಬಿಗಿಸದೆ ಬಿಟ್ಟಿರುತ್ತಾರೆ. ಒಳಗಿನ ರಬ್ಬರ್ ವಾಷರ್ ಹಳತಾಗಿ ಗಟ್ಟಿಯಾಗಿರುತ್ತದೆ. ದಿನಾ ಬಿಸಿನೀರು, ಸೋಪು, ಶಾಂಪೂ ಬಿದ್ದು ವಾಷರ್ ಸವೆದಿರುತ್ತದೆ. 300 ಮೀಟರ್ ವಾಚು ಕಟ್ಟಿಕೊಂಡು ಬಿಸಿನೀರಿನ ಸ್ನಾನ ಮಾಡುವುದಕ್ಕಿಂತ ಬಿಚ್ಚಿಟ್ಟು ಹೋಗುವುದು ಮೇಲು.

ಹೀಲಿಯಂ ವಾಲ್ವ್ ಬೇಕಾ?

ಒಮೆಗಾ ಸೀಮಾಸ್ಟರ್‌ನ 10 ಗಂಟೆಯ ಜಾಗದಲ್ಲಿ ಇನ್ನೊಂದು ಗುಬ್ಬಿ ಎದ್ದು ಕಾಣುತ್ತದೆ. ಷೋರೂಮಿನಲ್ಲಿ ಇದನ್ನು ದೊಡ್ಡ ವಿಶೇಷ ಅಂತ ತೋರಿಸುತ್ತಾರೆ. ಇದರ ಹಿಂದಿನ ಕಥೆ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1960ರ ದಶಕದಲ್ಲಿ ಸಮುದ್ರದ ತಳದಲ್ಲಿ ಎಣ್ಣೆ ಬಾವಿ, ಪೈಪು ಕೆಲಸ ಶುರುವಾದಾಗ ಮುಳುಗುವವರು ದಿನಗಟ್ಟಲೆ ಒತ್ತಡದಲ್ಲೇ ಬದುಕಬೇಕಾಯಿತು. ದಿನಾ ಮೇಲೆ ಕೆಳಗೆ ಓಡಾಡಿದರೆ ಪ್ರತಿ ಸಲವೂ ಒತ್ತಡ ಇಳಿಸಲು ಗಂಟೆಗಟ್ಟಲೆ ಕಾಯಬೇಕು. ಅದಕ್ಕೆ ಕೆಲಸ ಮುಗಿಯುವವರೆಗೆ ಆಳದಷ್ಟೇ ಒತ್ತಡ ತುಂಬಿದ ಕೋಣೆಯಲ್ಲಿ ಇಟ್ಟು, ಕೊನೆಗೆ ಒಂದೇ ಸಲ ನಿಧಾನವಾಗಿ ಒತ್ತಡ ಇಳಿಸುತ್ತಾರೆ. ಆ ಕೋಣೆಯಲ್ಲಿ ಉಸಿರಾಡುವುದು ಹೀಲಿಯಂ ಬೆರೆಸಿದ ಗಾಳಿ. ಹೀಲಿಯಂ ಪರಮಾಣು ಎಷ್ಟು ಚಿಕ್ಕದು ಅಂದರೆ ನೀರನ್ನು ತಡೆಯುವ ವಾಷರ್ ಅದನ್ನು ತಡೆಯಲಾರದು. ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ವಾಚಿನೊಳಗೆ ನುಗ್ಗಿ ತುಂಬಿಕೊಳ್ಳುತ್ತದೆ. ಕೊನೆಗೆ ಕೋಣೆಯ ಒತ್ತಡ ಇಳಿಸುವಾಗ ಒಳಗೆ ಸಿಕ್ಕಿಕೊಂಡ ಹೀಲಿಯಂ ಅಷ್ಟೇ ಬೇಗ ಹೊರಬರಲು ಆಗುವುದಿಲ್ಲ. ಒಳಗೆ ಒತ್ತಡ ಜಾಸ್ತಿ, ಹೊರಗೆ ಕಡಿಮೆ. ಗಾಜು ಟಪ್ ಅಂತ ಹಾರಿಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಹೀಲಿಯಂ ಹೊರಬಿಡುವ ವಾಲ್ವ್. 1967ರ ರೋಲೆಕ್ಸ್ ಸೀ-ಡ್ವೆಲ್ಲರ್‌ನಲ್ಲಿ ಇದು ತಾನಾಗಿ ತೆರೆದುಕೊಳ್ಳುತ್ತದೆ, ಒಮೆಗಾದಲ್ಲಿ ಕೈಯಿಂದ ತೆರೆಯಬೇಕು. ಜಪಾನಿನ ಸೈಕೋ ಬೇರೆ ದಾರಿ ಹಿಡಿಯಿತು. 1975ರಲ್ಲಿ ತಂದ 600 ಮೀಟರ್ ಟೈಟೇನಿಯಂ ವಾಚಿನಲ್ಲಿ ಎಲ್ ಆಕಾರದ ವಾಷರ್ ಹಾಕಿ, ಹೀಲಿಯಂ ಒಳಗೆ ಬರದಂತೆಯೇ ಮಾಡಿತು. ಒಳಗೆ ಬಂದದ್ದನ್ನು ಹೊರಹಾಕುವುದಕ್ಕಿಂತ ಬಾರದಂತೆ ತಡೆಯುವುದು ನನಗೆ ಜಾಣತನ ಅನಿಸುತ್ತದೆ.

ಗಮನಿಸಿ, ಈ ತೊಂದರೆ ಆಗುವುದು ನೀರಿನಲ್ಲಲ್ಲ, ಒಣ ಕೋಣೆಯಲ್ಲಿ. ಎಣ್ಣೆ ಬಾವಿಯ ತಳದಲ್ಲಿ ವೆಲ್ಡಿಂಗ್ ಮಾಡುವ ಕೆಲಸ ನಿಮ್ಮದಲ್ಲದಿದ್ದರೆ ಈ ವಾಲ್ವ್ ನಿಮಗೆ ಯಾವತ್ತೂ ಬೇಕಾಗುವುದಿಲ್ಲ. ಇದ್ದರೆ ನಷ್ಟವಿಲ್ಲ. ಇಲ್ಲ ಅನ್ನುವ ಕಾರಣಕ್ಕೆ ಸಬ್‌ಮರೀನರನ್ನೋ ಬ್ಲ್ಯಾಕ್ ಬೇಯನ್ನೋ ಕೈಬಿಡಬೇಡಿ, ಇದೆ ಅನ್ನುವ ಕಾರಣಕ್ಕೆ ದುಡ್ಡು ಜಾಸ್ತಿ ಕೊಡಬೇಡಿ.

ಕೈಗೆ ಕೂರುವ ಲೆಕ್ಕ

ವಾಚಿನ ಅಳತೆ ಅಂದ ತಕ್ಷಣ ಎಲ್ಲರೂ ಅಗಲ ಹೇಳುತ್ತಾರೆ. ಬ್ಲ್ಯಾಕ್ ಬೇ ಫಿಫ್ಟಿ-ಎಯ್ಟ್ 39 ಮಿ.ಮೀ., ಈಗಿನ ಸಬ್‌ಮರೀನರ್ 41, ಒಮೆಗಾ 42, ಹಳೆಯ ರೂಢಿಯ ಫಿಫ್ಟಿ ಫ್ಯಾದಮ್ಸ್ 45. ಈ ಅಂಕಿ ಅರ್ಧ ಸತ್ಯ. ಕೈಗೆ ಹೊಂದುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಚೈನು ಸೇರುವ ಆ ಕೊಂಬುಗಳು ಮಣಿಕಟ್ಟಿನ ಅಂಚು ದಾಟಿ ಹೊರಚಾಚಿದರೆ ವಾಚು ಎಷ್ಟೇ ಒಳ್ಳೆಯದಿರಲಿ, ಎರವಲು ತಂದದ್ದರಂತೆ ಕಾಣುತ್ತದೆ.

ಇಲ್ಲೇ ಮಜಾ ಇರುವುದು. ಬ್ಲ್ಯಾಕ್ ಬೇಯ ಆ ಉದ್ದ ಸುಮಾರು 48 ಮಿ.ಮೀ. ಸಬ್‌ಮರೀನರ್‌ನದೂ ಹೆಚ್ಚುಕಡಿಮೆ ಅಷ್ಟೇ! ಅಗಲದಲ್ಲಿ 2 ಮಿ.ಮೀ. ದೊಡ್ಡದಾದರೂ ಕೈ ಮೇಲೆ ಎರಡೂ ಆಕ್ರಮಿಸುವ ಜಾಗ ಒಂದೇ. ಒಮೆಗಾ 50ರ ಹತ್ತಿರ ಬರುತ್ತದೆ. ಇನ್ನು ದಪ್ಪ. ಬ್ಲ್ಯಾಕ್ ಬೇ 12ರ ಒಳಗೆ, ಸಬ್‌ಮರೀನರ್ 12 ದಾಟಿ ಸ್ವಲ್ಪ, ಒಮೆಗಾ ಹದಿಮೂರೂವರೆ, 45ರ ಫಿಫ್ಟಿ ಫ್ಯಾದಮ್ಸ್ 15ಕ್ಕೂ ಜಾಸ್ತಿ. ಕಾಗದದ ಮೇಲೆ ಒಂದೂವರೆ ಮಿಲಿಮೀಟರ್ ಏನೂ ಅಲ್ಲ ಅನಿಸುತ್ತದೆ. ಫುಲ್ ತೋಳಿನ ಅಂಗಿ ಹಾಕಿ ಗುಂಡಿ ಹಾಕಿಕೊಂಡು ನೋಡಿ, ಗೊತ್ತಾಗುತ್ತದೆ. ವಾಚು ನೋಡಲು ಹೋಗುವಾಗ ನೀವು ದಿನಾ ಹಾಕುವ ಅಂಗಿಯಲ್ಲೇ ಹೋಗಿ ಅಂತ ನಾನು ಹೇಳುವುದು ಇದಕ್ಕೇ. ಫಿಫ್ಟಿ ಫ್ಯಾದಮ್ಸ್ ಈಗ 42 ಮಿ.ಮೀ. ಅಳತೆಯಲ್ಲೂ ಬರುತ್ತಿದೆ. ತೆಳು ಮಣಿಕಟ್ಟಿನವರಿಗೆ ಟ್ಯೂಡರ್ 2023ರಲ್ಲಿ 37 ಮಿ.ಮೀ. ಬ್ಲ್ಯಾಕ್ ಬೇ 54 ತಂದಿತು. ಹೆಂಗಸರ ಕೈಗೂ ಚೆನ್ನಾಗಿ ಒಪ್ಪುವ, ಹಾಗಂತ ಯಾವುದರಲ್ಲೂ ಕಡಿಮೆ ಮಾಡದ 200 ಮೀಟರ್ ವಾಚು ಅದು.

ಚೈನಿನ ಲಾಕನ್ನು ಯಾರೂ ಹೋಲಿಸುವುದೇ ಇಲ್ಲ, ನನ್ನ ಪ್ರಕಾರ ಬೆಲೆಯ ವ್ಯತ್ಯಾಸ ಕೈಗೆ ತಿಳಿಯುವುದು ಇಲ್ಲೇ. ನಮ್ಮ ಮಣಿಕಟ್ಟು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಬೆಳಗ್ಗೆ ಸಡಿಲವಾದದ್ದು ಮಧ್ಯಾಹ್ನದ ಸೆಕೆಗೆ ಬಿಗಿಯಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೇಳಲೇಬೇಡಿ. ಸಬ್‌ಮರೀನರ್‌ನ ಲಾಕು ಬಿಚ್ಚಿ ಒಳಗಿನ ತುದಿಯನ್ನು ಮೇಲೆತ್ತಿ ಸರಿಸಿದರೆ 2 ಮಿ.ಮೀ. ಲೆಕ್ಕದಲ್ಲಿ ಒಟ್ಟು 20 ಮಿ.ಮೀ. ತನಕ ಉದ್ದ ಮಾಡಬಹುದು. ಯಾವ ಸಲಕರಣೆಯೂ ಬೇಡ, ಬಸ್ಸಿನಲ್ಲಿ ನಿಂತೇ ಮಾಡಬಹುದು. ಮುಳುಗುವವರು ರಬ್ಬರ್ ಸೂಟಿನ ತೋಳಿನ ಮೇಲೆ ಕಟ್ಟಿಕೊಳ್ಳಲಿ ಅಂತ ಮಾಡಿದ್ದು ನಮ್ಮ ಸೆಕೆಗೂ ಒದಗುತ್ತದೆ. ಒಮೆಗಾದಲ್ಲಿ ಲಾಕಿನ ಒಳಗಿನ ಗುಂಡಿ ಒತ್ತಿ ಸರಿಸುವ ವ್ಯವಸ್ಥೆ ಇದೆ, ಅದೂ ಸಲೀಸು. 2018ರಲ್ಲಿ ಬಂದ ಬ್ಲ್ಯಾಕ್ ಬೇ ಫಿಫ್ಟಿ-ಎಯ್ಟ್‌ನಲ್ಲಿ ಪಕ್ಕದ ತೂತಿಗೆ ಪಿನ್ ಚುಚ್ಚಿ ಬದಲಿಸಬೇಕಿತ್ತು. ಆಮೇಲಿನ ಹಲವು ಟ್ಯೂಡರ್‌ಗಳಲ್ಲಿ ಟಿ-ಫಿಟ್ ಅನ್ನುವ ಲಾಕು ಬಂತು, ಸಲಕರಣೆ ಇಲ್ಲದೆ 8 ಮಿ.ಮೀ. ಹೊಂದಿಸಬಹುದು. ಟ್ಯೂಡರ್ ನೋಡುವಾಗ ಎದುರಿಗಿರುವ ಮಾಡೆಲ್‌ನಲ್ಲಿ ಯಾವ ಲಾಕು ಇದೆ ಅಂತ ಮೊದಲು ಕೇಳಿ.

ಲೋಹದ ವಿಷಯ ಬೇಗ ಮುಗಿಸೋಣ. ರೋಲೆಕ್ಸ್ ಬಳಸುವುದು 904ಎಲ್ ಸ್ಟೀಲ್, ಉಳಿದವರು ಹೆಚ್ಚಾಗಿ 316ಎಲ್. ಉಪ್ಪುನೀರಿನ ತುಕ್ಕಿಗೆ 904ಎಲ್ ಇನ್ನೂ ಗಟ್ಟಿ ಅನ್ನುವುದು ನಿಜ, ಆದರೆ 316ಎಲ್ ಕೂಡ ಕೈಗಡಿಯಾರಕ್ಕೆ ಧಾರಾಳ ಸಾಕು. ಗೀರು ಎರಡಕ್ಕೂ ಬೀಳುತ್ತದೆ. ತೂಕ ತೊಂದರೆ ಅನಿಸುವವರು ಟೈಟೇನಿಯಂ ನೋಡಿ, ಸ್ಟೀಲಿನ ಸುಮಾರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕ ಅಷ್ಟೇ. ಟ್ಯೂಡರ್ ಪೆಲಗೋಸ್ ಇದರಲ್ಲಿ ನನಗೆ ಮೆಚ್ಚುಗೆಯಾದದ್ದು. ಬೆಜೆಲ್ ಮೇಲಿನ ಪಟ್ಟಿ ಸೆರಾಮಿಕ್ ಆದರೆ ಗೀರು ಬೀಳುವುದಿಲ್ಲ, ಬಣ್ಣ ಮಾಸುವುದಿಲ್ಲ, ಆದರೆ ಜೋರು ಪೆಟ್ಟು ಬಿದ್ದರೆ ಸೀಳಬಹುದು. ರೋಲೆಕ್ಸ್, ಒಮೆಗಾ ಎರಡೂ ಸೆರಾಮಿಕ್. ಫಿಫ್ಟಿ-ಎಯ್ಟ್‌ನದು ಅಲ್ಯೂಮಿನಿಯಂ, ಗೀರು ಬೀಳುತ್ತದೆ, ವರ್ಷಗಳಲ್ಲಿ ಮಾಸುತ್ತದೆ, ಕೆಲವರಿಗೆ ಆ ಮಾಸಿದ ಬಣ್ಣವೇ ಇಷ್ಟ. ಬ್ಲಾಂಕ್‌ಪೇನ್ ಬೆಜೆಲ್‌ಗೆ ಉಬ್ಬಿದ ಸಫೈರ್ ಗಾಜನ್ನೇ ಕೂರಿಸುತ್ತದೆ. ಅದರಡಿಯಲ್ಲಿ ಹೊಳೆಯುವ ಅಂಕಿಗಳನ್ನು ಒಮ್ಮೆ ಕತ್ತಲಲ್ಲಿ ನೋಡಿದರೆ ಆ ಬೆಲೆ ಎಲ್ಲಿಗೆ ಹೋಯಿತು ಅಂತ ಅರ್ಧ ಅರ್ಥವಾಗುತ್ತದೆ. ಹೊಳಪು ನೋಡಲು ಅಂಗಡಿಯ ದೀಪದಡಿ ಅರೆ ನಿಮಿಷ ಹಿಡಿದು, ಆಮೇಲೆ ಎರಡೂ ಕೈ ಮುಚ್ಚಿ ಬೆರಳ ಸಂದಿಯಿಂದ ಇಣುಕಿ. ಗಂಟೆ ಮುಳ್ಳು ಯಾವುದು, ನಿಮಿಷದ್ದು ಯಾವುದು ಅಂತ ತಕ್ಷಣ ಗೊತ್ತಾಗಬೇಕು.

ಒಳಗಿನ ಮಷೀನು

ನಾಲ್ಕೂ ಆಟೋಮ್ಯಾಟಿಕ್. ಕೈ ಆಡಿದಾಗ ತಾನಾಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ಬ್ಯಾಟರಿ ಇಲ್ಲ. ಪೂರ್ತಿ ಸುತ್ತಿದ ಮೇಲೆ ಬಿಚ್ಚಿಟ್ಟರೆ ಎಷ್ಟು ಹೊತ್ತು ಓಡುತ್ತದೆ? ಒಮೆಗಾ 55 ಗಂಟೆ, ಸಬ್‌ಮರೀನರ್ ಮತ್ತು ಬ್ಲ್ಯಾಕ್ ಬೇ ಎರಡೂ 70, 45ರ ಫಿಫ್ಟಿ ಫ್ಯಾದಮ್ಸ್ 5 ದಿನ. ಶುಕ್ರವಾರ ಸಂಜೆ ಬಿಚ್ಚಿಟ್ಟು ಸೋಮವಾರ ಬೆಳಗ್ಗೆ ಕಟ್ಟುವವರಾದರೆ ನಡುವೆ 60 ಗಂಟೆಯ ಮೇಲಾಗುತ್ತದೆ, ಒಮೆಗಾ ನಿಂತಿರುತ್ತದೆ, 70 ಗಂಟೆಯವು ಓಡುತ್ತಿರುತ್ತವೆ. ದಿನಾ ಅದೊಂದೇ ವಾಚು ಕಟ್ಟುವವರಿಗೆ ಈ ಅಂಕಿಯಿಂದ ಏನೂ ಆಗಬೇಕಿಲ್ಲ.

ಸಮಯದ ನಿಖರತೆಗೆ ಸ್ವಿಸ್ ಕ್ರೋನೋಮೀಟರ್ ಪರೀಕ್ಷೆಯ ಮಿತಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ. ರೋಲೆಕ್ಸ್ ಅದರ ಮೇಲೆ ತಾನೇ ಪರೀಕ್ಷಿಸಿ ದಿನಕ್ಕೆ ಆಚೀಚೆ 2 ಸೆಕೆಂಡ್ ಅನ್ನುತ್ತದೆ. ಒಮೆಗಾದ್ದು ಸ್ವಿಟ್ಜರ್ಲೆಂಡಿನ ಸರ್ಕಾರಿ ಮಾಪನ ಸಂಸ್ಥೆ ಮೆಟಾಸ್‌ನ ಒಪ್ಪಿಗೆ ಪಡೆದದ್ದು, ಸೊನ್ನೆಯಿಂದ 5 ಸೆಕೆಂಡ್ ಮುಂದೆ, ಹಿಂದೆ ಬೀಳುವಂತಿಲ್ಲ. ಈ ಪರೀಕ್ಷೆಯ ಇನ್ನೊಂದು ಭಾಗ ನಮ್ಮ ಕಾಲಕ್ಕೆ ಬಹಳ ಉಪಯೋಗದ್ದು. 15,000 ಗಾಸ್ ಬಲದ ಆಯಸ್ಕಾಂತದ ನಡುವೆ ಇಟ್ಟರೂ ವಾಚು ಓಡಬೇಕು. ಫೋನಿನ ಹಿಂಬದಿ, ಲ್ಯಾಪ್‌ಟಾಪಿನ ಮುಚ್ಚಳ, ಇಯರ್‌ಫೋನ್ ಡಬ್ಬಿ, ಸ್ಪೀಕರ್, ಬ್ಯಾಗಿನ ಬಟನ್, ಎಲ್ಲದರಲ್ಲೂ ಈಗ ಆಯಸ್ಕಾಂತ. ಮೆಕ್ಯಾನಿಕಲ್ ವಾಚಿಗೆ ಅದು ತಗುಲಿದರೆ ಒಳಗಿನ ಕೂದಲೆಳೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಬೆಂಗಳೂರಿನವರಿಗೆ 300 ಮೀಟರ್ ಆಳಕ್ಕಿಂತ ಈ ರಕ್ಷಣೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಟ್ಯೂಡರ್‌ನ ಕೆಲವು ಹೊಸ ಬ್ಲ್ಯಾಕ್ ಬೇಗಳೂ ಮೆಟಾಸ್ ಪರೀಕ್ಷೆ ಪಾಸಾಗಿವೆ, ಕೇಳಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗೆ. ಕೊಟ್ಟ ದುಡ್ಡಿಗೆ ಹೆಚ್ಚು ವಾಚು ಸಿಗುವುದು ಟ್ಯೂಡರ್‌ನಲ್ಲಿ. ತೆಳ್ಳಗಿದೆ, 70 ಗಂಟೆ ಓಡುತ್ತದೆ, ತಾರೀಖಿನ ಗಲಾಟೆ ಇಲ್ಲ. ಒಳಗಿನ ತಾಂತ್ರಿಕತೆಗೆ ದುಡ್ಡು ಕೊಡುತ್ತೇನೆ ಅನ್ನುವವರಿಗೆ ಒಮೆಗಾ, ದಪ್ಪ ಸಹಿಸಬೇಕು. ಸಬ್‌ಮರೀನರ್‌ನ ಲಾಕು, ಬೆಜೆಲ್, ಒಟ್ಟಾರೆ ಕೆಲಸದ ಅಚ್ಚುಕಟ್ಟು ನಿಜಕ್ಕೂ ಮೇಲಿನ ಮಟ್ಟದ್ದು. ಆದರೆ ಟ್ಯೂಡರ್‌ನ ಎರಡರಷ್ಟು ಒಳ್ಳೆಯದು ಅಂತ ನಾನು ಹೇಳಲಾರೆ, ಹೆಸರಿಗೂ ಮರುಮಾರಾಟದ ಬೆಲೆಗೂ ಅದರಲ್ಲಿ ಪಾಲಿದೆ. ಫಿಫ್ಟಿ ಫ್ಯಾದಮ್ಸ್ ಇತಿಹಾಸ ಪ್ರೀತಿಸುವವರ ವಾಚು, ಜನ ಗುರುತಿಸಲಿ ಅಂತ ಕಟ್ಟುವವರದಲ್ಲ. ಇಷ್ಟು ದುಡ್ಡೇ ಬೇಡ, ನೀರಿಗೆ ಇಳಿಯಲು ಗಟ್ಟಿ ವಾಚು ಸಾಕು ಅನ್ನುವವರಿಗೆ 1965ರಿಂದ ಡೈವ್ ವಾಚು ಮಾಡುತ್ತಿರುವ ಸೈಕೋ ಇದೆ. ಐಎಸ್‌ಒ ಮಾನದಂಡ ಮುಟ್ಟುವ ಅದರ ಪ್ರಾಸ್ಪೆಕ್ಸ್ ವಾಚುಗಳು ಇವುಗಳ ಬೆಲೆಯ ಸಣ್ಣ ಪಾಲಿಗೇ ಸಿಗುತ್ತವೆ.

ದುಡ್ಡು ಕೊಡುವ ಹೊತ್ತಿಗೆ

ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಇಳಿಯುವ ದಾರಿಯಲ್ಲಿದೆ. ಭಾರತ ಮತ್ತು ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ಅನ್ನುವ ಯುರೋಪಿನ ನಾಲ್ಕು ದೇಶಗಳ ಕೂಟದ ನಡುವಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು, ಸುಂಕ 7 ವರ್ಷದಲ್ಲಿ ಹಂತಹಂತವಾಗಿ ತೆಗೆಯಬೇಕು. ಆದರೆ ಕಂಪನಿಗಳು ಬೆಲೆ ಏರಿಸುತ್ತಲೇ ಇರುವುದರಿಂದ ಇದಕ್ಕಾಗಿ ಕಾದು ಕೂರುವುದರಲ್ಲಿ ದೊಡ್ಡ ಲಾಭ ನನಗೆ ಕಾಣುವುದಿಲ್ಲ. 10 ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ 1% ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಹೆಚ್ಚುವರಿ ಖರ್ಚಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. 2 ಲಕ್ಷ ಮುಟ್ಟಿದರೆ ಪೂರ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಬಿಲ್ ಬೇಡ, ನಗದು ಕೊಡಿ, ಕಡಿಮೆ ಮಾಡುತ್ತೇನೆ ಅಂದವರ ಅಂಗಡಿಯಿಂದ ಎದ್ದು ಬನ್ನಿ. ದುಬೈ, ಸಿಂಗಪುರದಲ್ಲಿರುವ ಅಣ್ಣನೋ ಭಾವನೋ ಬರುವಾಗ ತರಿಸುವ ಯೋಚನೆ ಇದ್ದರೆ, ವಿನಾಯಿತಿ ಮಿತಿ ದಾಟಿದ ವಾಚನ್ನು ಏರ್‌ಪೋರ್ಟಿನಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲಿ ಕೊಂಡದ್ದೇ ಅಗ್ಗ ಅನಿಸಬಹುದು.

ರೋಲೆಕ್ಸ್ ಹೋಗಿ ಕೇಳಿದ ತಕ್ಷಣ ಸಿಗುವುದಿಲ್ಲ, ಹೆಸರು ಬರೆಸಿ ಕಾಯಬೇಕು. ಕಾಯಲಾರದವರು ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತಾರೆ. ಅಲ್ಲಿ ಎಚ್ಚರ ಜಾಸ್ತಿ ಬೇಕು, ಸಬ್‌ಮರೀನರ್‌ನ ನಕಲಿಗಳು ಹಿಂಬದಿ ಬಿಚ್ಚದೆ ಹೇಳಲಾಗದಷ್ಟು ಚೆನ್ನಾಗಿ ಬರುತ್ತಿವೆ. ವಾರಂಟಿ ಕಾರ್ಡಿನ ನಂಬರೂ ವಾಚಿನ ಮೇಲಿನ ನಂಬರೂ ಒಂದೇನಾ ನೋಡಿ. ರೋಲೆಕ್ಸ್, ಒಮೆಗಾ, ಟ್ಯೂಡರ್ ಮೂವರದೂ ಈಗ 5 ವರ್ಷದ ವಾರಂಟಿ, ಎಷ್ಟು ಉಳಿದಿದೆ ಅಂತ ಕಾರ್ಡಿನ ತಾರೀಖು ಹೇಳುತ್ತದೆ. ಕೊಂಬುಗಳ ಅಂಚು ಗುಂಡಗೆ ಸವೆದಂತೆ ಕಂಡರೆ ಯಾರೋ ಪಾಲಿಷ್ ಹಾಕಿ ಹಾಕಿ ತೆಳು ಮಾಡಿದ್ದಾರೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ.

ಸರ್ವಿಸ್ ವಿಚಾರವನ್ನು ಕೊಳ್ಳುವ ಮುಂಚೆಯೇ ಕೇಳಬೇಕು. ರೋಲೆಕ್ಸ್ ಸುಮಾರು 10 ವರ್ಷಕ್ಕೊಮ್ಮೆ ಅನ್ನುತ್ತದೆ, ಒಮೆಗಾ 5ರಿಂದ 8 ವರ್ಷ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ, ಹತ್ತಾರು ಸಾವಿರ ಆಗುತ್ತದೆ, ವಾಚನ್ನು ಬೇರೆ ಊರಿಗೆ ಕಳಿಸಬೇಕಾಗಲೂಬಹುದು. 1961ರಿಂದ ಎಚ್‌ಎಂಟಿ ವಾಚು ಮಾಡಿದ ಬೆಂಗಳೂರಿನಲ್ಲಿ ಕೀ ಕೊಡುವ ವಾಚನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಹಳೆಯ ಕೈಗಳು ಇನ್ನೂ ಇವೆ, ಅವರ ಮೇಲೆ ನನಗೆ ಬಹಳ ಗೌರವ. ಆದರೂ ಡೈವ್ ವಾಚಿನ ಹಿಂಬದಿಯನ್ನು ಒತ್ತಡ ಪರೀಕ್ಷೆಯ ಯಂತ್ರ ಇಲ್ಲದ ಕಡೆ ತೆರೆಸಬೇಡಿ. ಒಮ್ಮೆ ತೆರೆದರೆ ವಾಷರ್ ಬದಲಿಸಿ, ಮತ್ತೆ ಒತ್ತಡಕ್ಕೆ ಇಟ್ಟು ನೋಡಿದ ಮೇಲೇ ಅದು ನೀರಿಗೆ ತಡೆಯುತ್ತದೆ ಅನ್ನಬಹುದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಡಯಲ್ ಮೇಲೆ 300 ಮೀಟರ್ ಅಂತಿದೆ ಎಂದು ನಂಬಿ ಈಜುಕೊಳಕ್ಕೂ ಇಳಿಸಬೇಡಿ, ಮೊದಲು ಈ ಪರೀಕ್ಷೆ ಮಾಡಿಸಿ. ನೀರಲ್ಲಿ ಬಳಸುವವರು ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದು. ಸಮುದ್ರದಿಂದ ಬಂದ ದಿನ ಗುಬ್ಬಿ ಬಿಗಿಯಾಗಿದೆಯೇ ನೋಡಿಕೊಂಡು ಸಿಹಿನೀರಿನಲ್ಲಿ ತೊಳೆಯಿರಿ, ತೊಳೆಯುವಾಗಲೇ ಬೆಜೆಲ್ ನಾಲ್ಕು ಸುತ್ತು ತಿರುಗಿಸಿ. ಕೆಳಗೆ ಕೂತ ಉಪ್ಪು, ಮರಳು ಆಗಲೇ ಹೋಗುತ್ತದೆ. ಒಣಗಲು ಬಿಟ್ಟರೆ ಬೆಜೆಲ್ ಹಿಡಿದುಕೊಂಡು ನಿಲ್ಲುತ್ತದೆ.